ಹಾವಸೆ ಸಸ್ಯಗಳ ಲೋಕ



ಮುಂಗಾರು ಹಿಡಿದ ಮೇಲೆ ಹಳೆಯ ಹೆಂಚು, ಬಾವಿಕಟ್ಟೆ, ಶಾಲೆಯ ಕಾಂಪೌಂಡು, ಎಲ್ಲೆಡೆ ಹಸಿರು ಮಖಮಲ್ಲು ಹಾಸಿದಂತೆ ಕಾಣುತ್ತದೆ. ಅದನ್ನು ಪಾಚಿ ಎಂದು ಕೆರೆದು ಹಾಕುತ್ತೇವೆ. ಕೆರೆಯ ನೀರಿನಲ್ಲಿ ತೇಲುವ ಪಾಚಿಯೇ ಬೇರೆ, ಇದೇ ಬೇರೆ. ಇದು ಪುಟ್ಟ ಕಾಂಡ, ಎಲೆಗಳಿರುವ ಹಾವಸೆ ಸಸ್ಯ. ಇಂಥವುಗಳ ಅಧ್ಯಯನಕ್ಕೆ ಬ್ರಯಾಲಜಿ ಎಂದು ಹೆಸರು.

ಇವುಗಳಲ್ಲಿ ಮೂರು ಗುಂಪುಗಳಿವೆ. ಮಾಸ್‌ಗಳಲ್ಲಿ ಸುಮಾರು 12,000 ಪ್ರಭೇದಗಳು, ಲಿವರ್‌ವರ್ಟ್‌ಗಳಲ್ಲಿ ಸುಮಾರು 7,000, ಹಾರ್ನ್‌ವರ್ಟ್‌ಗಳಲ್ಲಿ 200ರಷ್ಟು. ನೀವು ಪಾಠದಲ್ಲಿ ಓದುವ ರಿಕ್ಸಿಯಾ ಒಂದು ಲಿವರ್‌ವರ್ಟ್. ಗದ್ದೆಯ ಬದು, ಕಾಲುವೆ ದಂಡೆಯ ಹಸಿಮಣ್ಣು ಅದಕ್ಕೆ ಒಗ್ಗುವ ಜಾಗ. ಕೆ.ಆರ್. ನಗರದ ಕಡೆಯವರು ಅಲ್ಲಿ ಹುಡುಕಿ ನೋಡಿ. ಹಾರ್ನ್‌ವರ್ಟ್‌ನಿಂದ ಕೊಂಬಿನಂತಹ ಕಡ್ಡಿಗಳು ಮೇಲೇಳುತ್ತವೆ. ಅದರ ಒಡಲಿನಲ್ಲಿ ನೆಲೆಸಿರುವ ನಾಸ್ಟಾಕ್ ಎಂಬ ಸೂಕ್ಷ್ಮಜೀವಿ ಗಾಳಿಯ ಸಾರಜನಕವನ್ನು ಹಿಡಿದು ಕೊಡುತ್ತದೆ.

ಹಾವಸೆಗೆ ನಿಜವಾದ ಬೇರಿಲ್ಲ. ಎಳೆಗಳಿಂದ ಕಲ್ಲನ್ನೋ ತೊಗಟೆಯನ್ನೋ ಹಿಡಿದುಕೊಂಡು, ನೀರನ್ನು ಹೆಚ್ಚಾಗಿ ಮೈಯಿಂದಲೇ ಹೀರುತ್ತದೆ. ಬೇಸಿಗೆಯಲ್ಲಿ ಒಣಗಿ ಮುದುಡಿದ ಮಾಸ್‌ನ ಮೇಲೆ ನಾಲ್ಕು ಹನಿ ನೀರು ಹಾಕಿ. ಅನೇಕ ಜಾತಿಗಳು ಕೆಲವೇ ನಿಮಿಷಗಳಲ್ಲಿ ಎಲೆ ಬಿಚ್ಚುತ್ತವೆ. ಗಂಡು ಲಿಂಗಾಣು ಹೆಣ್ಣು ಲಿಂಗಾಣುವನ್ನು ಸೇರಬೇಕಾದರೂ ನೀರಿನ ಪದರದಲ್ಲಿ ಈಜಿಯೇ ಹೋಗಬೇಕು. ಆದ್ದರಿಂದಲೇ ಇವುಗಳನ್ನು ಸಸ್ಯಲೋಕದ ಉಭಯವಾಸಿಗಳು ಎನ್ನುತ್ತಾರೆ.

ನೀರಿನ ಮೇಲಿನ ಈ ಅವಲಂಬನೆಯಿಂದ ಹಾವಸೆ ತೇವದ ಲೆಕ್ಕ ಹೇಳಬಲ್ಲದು. ಕೆ.ಆರ್. ನಗರದ ಬಯಲಿನಿಂದ ಹುಣಸೂರು, ಪಿರಿಯಾಪಟ್ಟಣ ದಾಟಿ ಕೊಡಗಿನ ಗಡಿಯತ್ತ, ಇಲ್ಲವೇ ಎಚ್.ಡಿ. ಕೋಟೆಯ ಕಾಡಂಚಿಗೆ ಹೋದಂತೆ ಮಳೆ ಹೆಚ್ಚುತ್ತದೆ. ಒಣ ಊರಿನಲ್ಲಿ ಹಾವಸೆ ಹೆಚ್ಚಾಗಿ ನೆಲ, ಗೋಡೆಗಳಿಗೆ ಅಂಟಿಕೊಂಡಿರುತ್ತದೆ. ತೇವ ಹೆಚ್ಚಿದ ಕಡೆ ಮರದ ಬೊಡ್ಡೆಯನ್ನೂ ಕೊಂಬೆಯನ್ನೂ ಏರುತ್ತದೆ.

ಇಲ್ಲಿ ಒಂದು ಚಿಂತೆಯ ವಿಷಯವಿದೆ. ಹೊಗೆಸೊಪ್ಪು ಹದ ಮಾಡುವ ಬ್ಯಾರನ್‌ಗಳಿಗೆ ಸೌದೆ ಬೇಕು, ರಸ್ತೆ ಅಗಲಿಸಲು ಜಾಗ ಬೇಕು. ಹಳೆಯ ಮರ ಉರುಳಿದಾಗ ಅದರ ಒರಟು ತೊಗಟೆಯ ಮೇಲೆ ವರ್ಷಗಟ್ಟಲೆ ಬೆಳೆದ ಹಾವಸೆಯೂ ಹೋಗುತ್ತದೆ. ಬದಲಿಗೆ ಸಸಿ ನೆಡಬಹುದು. ಆದರೆ ಆ ತೊಗಟೆ, ಆ ನೆರಳು ಕೂಡಲೇ ಬರುವುದಿಲ್ಲ. ಹೋದದ್ದು ಏನೆಂದು ತಿಳಿಯಲು ಮೊದಲು ಇದ್ದದ್ದು ಏನೆಂದು ಬರೆದಿಟ್ಟಿರಬೇಕು.

ಬರೆದಿಟ್ಟವರ ಪರಂಪರೆ ದೊಡ್ಡದು. ಮಾಸ್‌ಗಳ ವೈಜ್ಞಾನಿಕ ನಾಮಕರಣಕ್ಕೆ 1801ರಲ್ಲಿ ಪ್ರಕಟವಾದ ಹೆಡ್‌ವಿಗ್ ಅವರ ಗ್ರಂಥವೇ ಆಧಾರ. ಲಾಹೋರಿನ ಪ್ರೊಫೆಸರ್ ಶಿವರಾಮ ಕಶ್ಯಪ್ ಅವರು 1929 ಮತ್ತು 1932ರಲ್ಲಿ ಪಶ್ಚಿಮ ಹಿಮಾಲಯ ಹಾಗೂ ಪಂಜಾಬಿನ ಲಿವರ್‌ವರ್ಟ್‌ಗಳ ಬಗ್ಗೆ ಎರಡು ಸಂಪುಟ ಹೊರತಂದರು. ಪಳನಿ ಬೆಟ್ಟಗಳ ಮಾಸ್‌ಗಳನ್ನು ಕುರಿತ ಪಾದ್ರಿ ಫೋರೋ ಅವರ ಕೃತಿ 1961ರಲ್ಲಿ ಬಂದಿತು. ಕರ್ನಾಟಕದ ಹಾವಸೆಗಳ ಪರಿಷ್ಕೃತ ಪಟ್ಟಿಯನ್ನು ಊವೆ ಶ್ವಾರ್ಟ್ಸ್ 2013ರಲ್ಲಿ ಪ್ರಕಟಿಸಿದರು. ರಾಜ್ಯದ ಪಟ್ಟಿಯಲ್ಲಿ ಹೆಸರಿರುವುದು ಒಂದು, ನಿಮ್ಮೂರಿನ ಆಲದ ಮರದಲ್ಲಿ ಏನಿದೆ ಎಂದು ತಿಳಿಯುವುದು ಇನ್ನೊಂದು.

ಆ ಎರಡನೆಯ ಕೆಲಸ ನಿಮ್ಮದಾಗಬಹುದು. ಚಿಟಿಕೆಯಷ್ಟು ಹಾವಸೆಯನ್ನು ಬಿಡಿಸಿ, ನೆರಳಿನಲ್ಲಿ ಒಣಗಿಸಿ, ಕಾಗದದ ಪೊಟ್ಟಣದಲ್ಲಿಡಿ. ಮೇಲೆ ಊರು, ತಾರೀಖು, ಕಲ್ಲೋ ಮಣ್ಣೋ ತೊಗಟೆಯೋ ಎಂಬುದನ್ನು ಬರೆಯಿರಿ. ಹೀಗಿಟ್ಟದ್ದು ಎಷ್ಟೋ ವರ್ಷ ಕೆಡದು. ನೀರಿನಲ್ಲಿ ನೆನೆಸಿದರೆ ಸೂಕ್ಷ್ಮದರ್ಶಕದಲ್ಲಿ ಮತ್ತೆ ಪರೀಕ್ಷಿಸಬಹುದು. ನಾಗರಹೊಳೆಯಂತಹ ರಕ್ಷಿತ ಅರಣ್ಯದಲ್ಲಿ ಮಾತ್ರ ಅನುಮತಿಯಿಲ್ಲದೆ ಏನನ್ನೂ ಕೀಳಬಾರದು.

ಈ ಮಳೆಗಾಲದಲ್ಲಿ ನಿಮ್ಮ ಶಾಲೆಯ ಗೋಡೆಯಿಂದಲೇ ಆರಂಭಿಸಿ. ಒಂದು ಭೂತಗನ್ನಡಿ, ಒಂದು ನೋಟ್‌ಪುಸ್ತಕ ಸಾಕು.