ಬಿಲ್ಲಿನಲ್ಲಿ ಕಾಣದ ಖರ್ಚು

ಬೆಂಗಳೂರಿನ ಸುದ್ದಗುಂಟೆಪಾಳ್ಯಕ್ಕೆ ಹತ್ತಿರದಲ್ಲೇ 1973ರಲ್ಲಿ ಶುರುವಾದ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆ ಇದೆ. ಬಿಪಿಎಲ್ ಕುಟುಂಬಕ್ಕೆ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆಯ ನೆರವೂ ಉಂಟು.

ಆದರೆ ಒಬ್ಬಳೇ ದುಡಿದು ಮಕ್ಕಳನ್ನು ಸಾಕುವ ತಾಯಿಗೆ ಕ್ಯಾನ್ಸರ್ ಬಂದರೆ? ಕಿಮೋ ತಿಂಗಳುಗಟ್ಟಲೆ ನಡೆಯುತ್ತದೆ. ರೇಡಿಯೇಷನ್‌ಗೆ ವಾರಗಟ್ಟಲೆ ಹೆಚ್ಚುಕಡಿಮೆ ದಿನವೂ ಹೋಗಬೇಕು. ಕೂಲಿ ನಿಂತರೂ ಮನೆ ಬಾಡಿಗೆ, ಬಸ್ ಚಾರ್ಜು, ಶಾಲೆ ಫೀಸು ನಿಲ್ಲುವುದಿಲ್ಲ. ಇವು ಯಾವ ಆಸ್ಪತ್ರೆಯ ಬಿಲ್ಲಿನಲ್ಲೂ ಕಾಣುವುದಿಲ್ಲ.

ಅದಕ್ಕೇ ಅಂಥ ತಾಯಿಗಾಗಿ ಹಣ ಕೂಡಿಸುವಾಗ, ಒಂದು ಸಲ ಕೊಟ್ಟು ಮರೆಯದೆ, ಚಿಕಿತ್ಸೆ ಮುಗಿಯುವತನಕ ತಿಂಗಳಿಗಿಷ್ಟು ಎಂದು ಕೊಡೋಣ. ಆಕೆಯ ಫೋಟೊ, ಕಣ್ಣೀರು ಹಂಚುವುದು ಬೇಡ, ಲೆಕ್ಕ ಚೊಕ್ಕವಾಗಿರಲಿ. ನಿಮ್ಮ ಬೀದಿಯಲ್ಲಿ ಅಂಥ ತಾಯಿ ಇದ್ದರೆ, ಆಕೆ ಬಾಯಿಬಿಟ್ಟು ಕೇಳುವ ಮೊದಲೇ ಇಂದೇ ಹೋಗಿ ಮಾತಾಡಿಸಿ.