ವಕೀಲರ ಕಿವಿ, ಬ್ಯಾಂಕಿನ ಲೆಕ್ಕ

(ಕುಟುಂಬ ಕೂಟದಲ್ಲಿ ಮಾಡಿದ ಭಾಷಣ)



ಹೋದ ತಿಂಗಳು ಒಂದು ಕೂಟ ಮುಗಿದು ಚಹಾ ಕುಡಿಯುವಾಗ ಒಬ್ಬ ತಾಯಿ ನನ್ನನ್ನು ಪಕ್ಕಕ್ಕೆ ಕರೆದರು. ಅವರು ಈ ಎಸ್ಟೇಟಿನವರಲ್ಲ. ಅವರ ಅಪ್ಪಣೆ ಕೇಳಿಯೇ ಹೇಳುತ್ತಿದ್ದೇನೆ. “ಅಯ್ಯಾ, ನನ್ನ ಗ್ರಾಚ್ಯುಟಿ ಹಣ ಬ್ಯಾಂಕಿಗೆ ಬಂದದ್ದು ನನಗೇ ಗೊತ್ತಿರಲಿಲ್ಲ. ಬಡ್ಡಿಯವನಿಗೆ ಗೊತ್ತಿತ್ತು. ಎಷ್ಟು ರೂಪಾಯಿ ಎಂಬುದೂ ಗೊತ್ತಿತ್ತು. ಬೆಳಗಾಗುವಷ್ಟರಲ್ಲಿ ಪಾಡಿಯ ಬಾಗಿಲಲ್ಲಿ ನಿಂತಿದ್ದ” ಎಂದರು. ವಕೀಲರನ್ನು ಕಾಣಬಾರದೇ ಅಮ್ಮಾ ಎಂದೆ. “ವಕೀಲರಿಗೆ ಎಲ್ಲ ಹೇಳಬೇಕಲ್ಲ. ಎಂದೋ ಖಾಲಿ ಕಾಗದಕ್ಕೆ ಹೆಬ್ಬೆಟ್ಟು ಒತ್ತಿದ್ದೇನೆ. ಅದನ್ನು ಅವರು ಹೊರಗೆ ಹೇಳಿಬಿಟ್ಟರೆ?” ಎಂದರು.

ಮೊದಲು ಬ್ಯಾಂಕಿನ ಮಾತು. ಇಂಗ್ಲೆಂಡಿನಲ್ಲಿ ಟೂರ್ನಿಯರ್ ಎಂಬವನು ಊರೂರು ಸುತ್ತಿ ಸರಕು ಮಾರುವ ಕೆಲಸಕ್ಕೆ ಸೇರಿದ್ದ. ಬ್ಯಾಂಕಿಗೆ ಕೊಡಬೇಕಾದದ್ದು 9 ಪೌಂಡು ಚಿಲ್ಲರೆ. ವಾರಕ್ಕೆ 1 ಪೌಂಡಿನಂತೆ ತೀರಿಸುವೆನೆಂದು ಒಪ್ಪಿ, ಸ್ವಂತ ವಿಳಾಸವಿಲ್ಲದ್ದರಿಂದ ಕೆಲಸ ಕೊಟ್ಟವರ ವಿಳಾಸ ಬರೆದುಕೊಟ್ಟ. ಕಂತು ನಿಂತಿತು. ಮ್ಯಾನೇಜರು ಆ ಯಜಮಾನರಿಗೆ ಫೋನು ಮಾಡಿ, ಇವನು ನಮಗೆ ಸಾಲಗಾರ, ಜೂಜಿನವರೊಡನೆ ವ್ಯವಹಾರವಿದೆ ಎಂಬ ಅರ್ಥ ಬರುವಂತೆ ಮಾತಾಡಿದ. ಮೂರು ತಿಂಗಳ ಕರಾರು ಮುಗಿದಾಗ ಯಜಮಾನರು ಅವನನ್ನು ಮತ್ತೆ ಇಟ್ಟುಕೊಳ್ಳಲಿಲ್ಲ. ಕೆಳಗಿನ ಕೋರ್ಟಿನಲ್ಲಿ ಅವನು ಸೋತ. ಆದರೆ ಅಪೀಲು ಕೋರ್ಟು ಮರುವಿಚಾರಣೆಗೆ ಆಜ್ಞೆಮಾಡಿ, ಗಿರಾಕಿಯ ಲೆಕ್ಕವನ್ನು ಗುಟ್ಟಾಗಿಡುವುದು ಬ್ಯಾಂಕಿನ ಕರ್ತವ್ಯ ಎಂದಿತು. ಕಾನೂನಿನ ಬಲವಂತ, ಸಾರ್ವಜನಿಕ ಕರ್ತವ್ಯ, ಬ್ಯಾಂಕಿನ ಸ್ವಂತ ಹಿತರಕ್ಷಣೆ, ಗಿರಾಕಿಯ ಒಪ್ಪಿಗೆ — ಈ ನಾಲ್ಕು ಸಂದರ್ಭ ಬಿಟ್ಟು. ಒಂಬತ್ತು ಪೌಂಡಿನ ಬಡವನಿಂದ ಹುಟ್ಟಿದ ಈ ತೀರ್ಪನ್ನು ನಮ್ಮ ದೇಶದ ಕೋರ್ಟುಗಳೂ ಆಧಾರವಾಗಿ ಎತ್ತಿ ಹೇಳುತ್ತವೆ.

ನಮ್ಮಲ್ಲಿ 1955ರ ಸ್ಟೇಟ್ ಬ್ಯಾಂಕ್ ಕಾಯಿದೆಯಲ್ಲೇ ಗುಟ್ಟು ಕಾಯುವ ಕಲಮು ಇದೆ. ಬ್ಯಾಂಕಿನಲ್ಲಿರುವ ಕಾಗದಪತ್ರಗಳನ್ನು ಕಲೆಕ್ಟರು ಕಳಿಸಿದ ಯಾರು ಬೇಕಾದರೂ ತೆಗೆದು ನೋಡಬಹುದೆಂದು ಆಂಧ್ರದಲ್ಲಿ ಮಾಡಿದ್ದ ನಿಯಮವನ್ನು 2004ರಲ್ಲಿ ಸುಪ್ರೀಂ ಕೋರ್ಟು ನಿಲ್ಲಗೊಡಲಿಲ್ಲ. ಅಂದಮೇಲೆ ಬಡ್ಡಿಯವನಿಗೆ ಯಾವ ಹಕ್ಕು?

ಇನ್ನು ವಕೀಲರು. 1872ರ ಸಾಕ್ಷ್ಯ ಕಾಯಿದೆಯಲ್ಲಿದ್ದ ಮಾತೇ 2024ರ ಜುಲೈ 1ರಿಂದ ಜಾರಿಯಾದ ಭಾರತೀಯ ಸಾಕ್ಷ್ಯ ಅಧಿನಿಯಮದ 132ನೆಯ ಕಲಮಿನಲ್ಲಿದೆ. ಕೆಲಸದ ಸಂಬಂಧವಾಗಿ ಕಕ್ಷಿಗಾರ ಹೇಳಿದ್ದನ್ನು ಅವನ ಸ್ಪಷ್ಟ ಒಪ್ಪಿಗೆಯಿಲ್ಲದೆ ವಕೀಲರು ಹೊರಗೆಡಹಬಾರದು. ಕೇಸು ಮುಗಿದ ಮೇಲೂ ಹೇಳಬಾರದು. ಕಾಯಿದೆಯೇ ಉದಾಹರಣೆ ಕೊಡುತ್ತದೆ: ‘ಖೋಟಾ ಕಾಗದ ಮಾಡಿದ್ದೇನೆ, ನನ್ನ ಪರವಾಗಿ ವಾದಿಸಿ’ ಎಂದರೆ ಆ ಮಾತು ಗುಟ್ಟು. ‘ಈ ಖೋಟಾ ಪತ್ರದಿಂದ ಆಸ್ತಿ ಕೊಡಿಸಿ’ ಎಂದರೆ ಗುಟ್ಟಲ್ಲ. ಆದ ತಪ್ಪಿಗೆ ರಕ್ಷಣೆ ಉಂಟು, ಮಾಡಹೊರಟ ಮೋಸಕ್ಕೆ ಇಲ್ಲ. ಆ ತಾಯಿಯ ಹೆಬ್ಬೆಟ್ಟು ತಪ್ಪೂ ಅಲ್ಲ, ಮೋಸಹೋದದ್ದು.

ನಮಗೆ ಮುಖ್ಯವಾದದ್ದು ಇನ್ನೊಂದು. ಇಲ್ಲಿನ ವಕೀಲರು ತಮಿಳಿನಲ್ಲೋ ಮಲೆಯಾಳದಲ್ಲೋ ಮಾತಾಡುತ್ತಾರೆ, ನಾವು ಕನ್ನಡದಲ್ಲಿ ಅಳುತ್ತೇವೆ. ವಕೀಲರ ದುಭಾಷಿಗೂ ಗುಮಾಸ್ತರಿಗೂ ಇದೇ ಕಟ್ಟು ಉಂಟು. ಆದರೆ ಧೈರ್ಯಕ್ಕೆಂದು ನೀವು ಕರೆದುಕೊಂಡು ಹೋದ ಮೇಸ್ತ್ರಿಗೆ, ನೆರೆಮನೆಯವರಿಗೆ ಆ ಕಟ್ಟು ಇಲ್ಲ. ಹಣವಿಲ್ಲವೆಂದು ಹಿಂಜರಿಯಬೇಡಿ. 1987ರ ಕಾಯಿದೆಯಂತೆ ಹೆಂಗಸರಿಗೂ ಪರಿಶಿಷ್ಟ ಜಾತಿ, ಪಂಗಡದವರಿಗೂ ವಕೀಲರು ಉಚಿತ. ಆ ವಕೀಲರೂ ಗುಟ್ಟು ಕಾಯಲೇಬೇಕು.

ಈಗ ನನ್ನ ತಪ್ಪು ಹೇಳುತ್ತೇನೆ. ಬ್ಯಾಂಕಿನ ಗುಮಾಸ್ತನೇ ಹೇಳಿರಬೇಕೆಂದು ನಾನು ಸಿಟ್ಟಾಗಿದ್ದೆ. ವಿಚಾರಿಸಿದರೆ, ಎರಡು ವರ್ಷದಿಂದ ಆ ತಾಯಿಯ ಎಟಿಎಂ ಕಾರ್ಡು ಸಾಲದ ಈಡಾಗಿ ಬಡ್ಡಿಯವನ ಪೆಟ್ಟಿಗೆಯಲ್ಲಿತ್ತು, ನಂಬರು ಚೀಟಿಯ ಸಮೇತ! ನಿಮ್ಮಲ್ಲಿ ಎಷ್ಟು ಜನರ ಕಾರ್ಡು ಹಾಗಿದೆ, ಕೈ ಎತ್ತಬೇಡಿ. ಇನ್ನೊಬ್ಬರ ಗುಟ್ಟಿನ ನಂಬರನ್ನು ವಂಚನೆಯಿಂದ ಉಪಯೋಗಿಸಿದರೆ 3 ವರ್ಷದವರೆಗೆ ಸಜೆ, 1 ಲಕ್ಷ ರೂಪಾಯಿವರೆಗೆ ದಂಡ ಉಂಟು. ಆದರೆ ನಂಬರನ್ನು ನಾವೇ ಕೊಟ್ಟಿದ್ದರೆ, ಬ್ಯಾಂಕಿಗೆ ದೂರು ಕೊಡುವವರೆಗಿನ ನಷ್ಟ ನಮ್ಮದೇ ಎಂದು ರಿಸರ್ವ್ ಬ್ಯಾಂಕು 2017ರಲ್ಲೇ ಹೇಳಿತು. ಆದದರಿಂದ ಬಡ್ಡಿಯವನನ್ನು ಬೇಡುತ್ತ ಕೂರದೆ ಬ್ಯಾಂಕಿಗೆ ಹೋಗಿ ಆ ಕಾರ್ಡನ್ನು ನಿಲ್ಲಿಸಿ, ಹೊಸದಕ್ಕೆ ಅರ್ಜಿ ಕೊಡಿ. ಮೋಸದಿಂದ ಹಣ ಹೋಗಿದ್ದರೆ 1930ಕ್ಕೆ ಫೋನು ಮಾಡಿ.

ಆ ತಾಯಿ ಹೊಸ ಕಾರ್ಡಿಗೆ ಅರ್ಜಿ ಕೊಟ್ಟಿದ್ದಾರೆ. ಸೋಮವಾರ ವಕೀಲರನ್ನು ಕಾಣುತ್ತಾರೆ. ನಾನೂ ಬಸ್ಸಿನಲ್ಲಿ ಜೊತೆಗೆ ಹೋಗುತ್ತೇನೆ. ಅವರು ಒಳಗೆ ಮಾತಾಡಿ ಬರುವವರೆಗೆ ಹೊರಗಿನ ಬೆಂಚಿನ ಮೇಲೆ ಕೂತಿರುತ್ತೇನೆ.