ಅಂಕಪಟ್ಟಿಗೆ ತಕ್ಕ ಅಳತೆ: ನಂಪೈ ಅರೇಗಳ ಒಂದು ಪರಿಚಯ

(ಸಂಘದ ವಾರ್ಷಿಕ ಸಭೆಯಲ್ಲಿ ವಿದ್ಯಾರ್ಥಿಗಳನ್ನು ಉದ್ದೇಶಿಸಿ ಮಾಡಿದ ಭಾಷಣ)



ಉರ್ದು, ಕನ್ನಡ ಕಲಿಸುವ ಮೇಷ್ಟರಿಗೆ ಕಂಪ್ಯೂಟರಿನ ಗೊಡವೆ ಏಕೆ ಎಂದು ಕೆಲವರಿಗೆ ಅನ್ನಿಸಿರಬಹುದು. ಇಂದು ಮಕ್ಕಳ ಹೆಸರನ್ನೂ ಅಂಕವನ್ನೂ ಕಾಪಾಡುವುದು ಕಂಪ್ಯೂಟರೇ. ಅದು ತಪ್ಪಿದರೆ ನಷ್ಟ ಮಗುವಿಗೆ. ಆದ್ದರಿಂದ ಈ ವಿಷಯ ಭಾಷಾ ಶಿಕ್ಷಕನಿಗೂ ಸೇರಿದ್ದು.

ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಲೆಕ್ಕದ ಕೆಲಸಕ್ಕೆಂದೇ ನಂಪೈ ಎಂಬ ಲೈಬ್ರರಿ ಇದೆ. ಹಿಂದಿದ್ದ ಎರಡು ಲೈಬ್ರರಿಗಳನ್ನು ಒಂದುಗೂಡಿಸಿ ಟ್ರಾವಿಸ್ ಆಲಿಫಾಂಟ್ ಇದನ್ನು ರೂಪಿಸಿದರು. ಇದರ 1.0 ಆವೃತ್ತಿ ಬಂದದ್ದು 2006ರಲ್ಲಿ. ಯಾರು ಬೇಕಾದರೂ ಉಚಿತವಾಗಿ ಬಳಸಬಹುದು.

ನಂಪೈಯ ಜೀವಾಳವೆಂದರೆ ಅರೇ. ಅರೇ ಎಂದರೆ ಒಂದೇ ಅಳತೆಯ ಡಬ್ಬಿಗಳ ಸಾಲು. ಎಲ್ಲ ಡಬ್ಬಿಗಳೂ ಸಮನಾಗಿರುವುದರಿಂದ ಸಾವಿರನೆಯದು ಎಲ್ಲಿದೆ ಎಂಬುದು ಒಂದು ಗುಣಾಕಾರದಿಂದಲೇ ತಿಳಿಯುತ್ತದೆ. ಅದರ ವೇಗದ ಒಂದು ಗುಟ್ಟು ಇದೇ. ಡಬ್ಬಿಯಲ್ಲಿ ಏನಿರಬೇಕು, ಎಷ್ಟು ಹಿಡಿಯಬೇಕು ಎಂದು ಹೇಳುವುದೇ ಡೇಟಾ ಟೈಪ್. ನಂಪೈಯಲ್ಲಿ ಅದನ್ನು ಡಿಟೈಪ್ ಎನ್ನುತ್ತಾರೆ.

ಇಂಟ್8 ಎಂಬ ಡಬ್ಬಿಗೆ ಒಂದು ಬೈಟ್ ಜಾಗ ಸಾಕು. ಅದು ಹಿಡಿಯುವುದು -128ರಿಂದ 127ರವರೆಗೆ ಮಾತ್ರ. ಎಸ್ಸೆಸ್ಸೆಲ್ಸಿಯಲ್ಲಿ ಪ್ರಥಮ ಭಾಷೆಗೆ 125, ದ್ವಿತೀಯ ಭಾಷೆಗೆ 100 ಅಂಕ ಎಂಬುದು ಬಹುಕಾಲದ ರೂಢಿ. 125 ಹಿಡಿಯಿತಲ್ಲ ಎಂದು ಜಾಗ ಉಳಿಸಲು ಇಂಟ್8 ಆರಿಸಿದೆವು ಎನ್ನಿ. ಒಬ್ಬ ಹುಡುಗಿಗೆ ಉರ್ದುವಿನಲ್ಲಿ 98, ಕನ್ನಡದಲ್ಲಿ 85. ಎರಡು ಅರೇಗಳನ್ನು ಕೂಡಿಸಿದರೆ 183 ಬರಬೇಕು. ಬರುವುದು -73! ಗಡಿಯಾರದ ಮುಳ್ಳು 12 ದಾಟಿ ಮತ್ತೆ 1ಕ್ಕೆ ಬರುವ ಹಾಗೆ, ಇಲ್ಲಿ 127 ದಾಟಿದರೆ -128ಕ್ಕೆ ಮರಳುತ್ತದೆ. ಪಾವಿಗೆ ಸೇರಕ್ಕಿ ಸುರಿದರೆ ಚೆಲ್ಲಿದ್ದು ನೆಲದ ಮೇಲೆ ಕಾಣುತ್ತದೆ. ಅರೇಯಲ್ಲಿ ಚೆಲ್ಲಿದ್ದು ಕಾಣುವುದಿಲ್ಲ, ಎಚ್ಚರಿಕೆಯೂ ಬರುವುದಿಲ್ಲ. ಇಂಟ್16 ಆರಿಸಿದ್ದರೆ 32,767ರವರೆಗೆ ಚಿಂತೆ ಇರಲಿಲ್ಲ.

ಇದು ಮಕ್ಕಳಾಟದ ವಿಷಯವಲ್ಲ. 1996ರ ಜೂನ್ 4ರಂದು ಯುರೋಪಿನ ಏರಿಯಾನ್ 5 ರಾಕೆಟ್ ಹಾರಿದ ಒಂದು ನಿಮಿಷದೊಳಗೆ ನಾಶವಾಯಿತು. 64 ಬಿಟ್‌ಗಳ ಒಂದು ಸಂಖ್ಯೆಯನ್ನು 16 ಬಿಟ್‌ಗಳ ಜಾಗಕ್ಕೆ ತುಂಬಲು ಹೋದದ್ದೇ ಕಾರಣ. ಆ ಪ್ರೋಗ್ರಾಂ ನಂಪೈಯದಲ್ಲ, ಆದರೆ ತಪ್ಪು ಇದೇ ಜಾತಿಯದು.

ಇನ್ನು ಹೆಸರುಗಳ ವಿಷಯ. ಇದು ನನ್ನ ಸ್ವಂತ ತಪ್ಪು. ಅಭ್ಯಾಸಕ್ಕೆಂದು ‘ಅಲಿ’, ‘ಸಾರಾ’ ಎಂಬ ಎರಡು ಹೆಸರಿನ ಅರೇ ಮಾಡಿದೆ. ಆಮೇಲೆ ಒಂದನ್ನು ತೆಗೆದು ಆ ಜಾಗಕ್ಕೆ ‘ಫಾತಿಮಾ’ ಎಂದು ಬರೆದೆ. ತೆರೆದು ನೋಡಿದರೆ ‘ಫಾತಿ’ ಎಂದಿದೆ! ಕಾರಣ ಹುಡುಕಿದೆ. ನಮ್ಮ ಕಣ್ಣಿಗೆ ‘ಸಾರಾ’ ಎರಡಕ್ಷರ. ಯೂನಿಕೋಡ್ ಲೆಕ್ಕದಲ್ಲಿ ಸ, ದೀರ್ಘ, ರ, ದೀರ್ಘ ಎಂದು ನಾಲ್ಕು. ಅತಿ ಉದ್ದದ ಹೆಸರು ನಾಲ್ಕು ಎಂದು ತಿಳಿದ ನಂಪೈ ನಾಲ್ಕರ ಅಳತೆಯ ಡಬ್ಬಿ ಮಾಡಿತ್ತು. ‘ಫಾತಿಮಾ’ಗೆ ಕನ್ನಡದಲ್ಲಿ ಆರು ಬೇಕು, ಉರ್ದುವಿನಲ್ಲಿ ಫೇ, ಅಲಿಫ್, ತೋಯ್, ಮೀಮ್, ಹೇ ಎಂದು ಐದೇ ಸಾಕು. ಮೊದಲೇ ಅಳತೆಯನ್ನು ದೊಡ್ಡದಾಗಿ ಹೇಳಿದ್ದರೆ ಹೆಸರು ತುಂಡಾಗುತ್ತಿರಲಿಲ್ಲ. 2024ರಲ್ಲಿ ಬಂದ ನಂಪೈ 2.0ರಲ್ಲಿ ಉದ್ದಕ್ಕೆ ತಕ್ಕಂತೆ ಹಿಗ್ಗುವ ಹೊಸ ಟೈಪ್ ಕೂಡ ಇದೆ. ಅರ್ಜಿಯಲ್ಲಿ ಒಂದು ಹೆಸರು, ದಾಖಲೆಯಲ್ಲಿ ಇನ್ನೊಂದು ಹೆಸರು ಇದ್ದರೆ ವಿದ್ಯಾರ್ಥಿವೇತನಕ್ಕೆ ಎಷ್ಟು ಅಲೆಯಬೇಕೆಂದು ಇಲ್ಲಿರುವ ಪೋಷಕರಿಗೆ ನಾನು ಹೇಳಬೇಕಿಲ್ಲ.

ಕೊನೆಯದಾಗಿ ಗೈರುಹಾಜರಿ. 45, 100, 9 ಎಂಬ ಅಂಕಗಳ ನಡುವೆ ‘ಗೈರು’ ಎಂದು ಬರೆದರೆ ಇಡೀ ಅರೇಯೇ ಪದಗಳ ಅರೇ ಆಗಿಬಿಡುತ್ತದೆ. ಆಗ ಹೋಲಿಕೆ ಮೊದಲ ಅಕ್ಷರದಿಂದ ನಡೆಯುವುದರಿಂದ 9 ಪಡೆದವನು 100 ಪಡೆದವನಿಗಿಂತ ಮುಂದೆ! ಹಾಗೆಂದು ಸೊನ್ನೆ ಹಾಕುವುದೂ ಸರಿಯಲ್ಲ. ಬಾರದಿರುವುದು ಬೇರೆ, ಬಂದು ಸೊನ್ನೆ ಪಡೆಯುವುದು ಬೇರೆ. ಇದಕ್ಕಾಗಿ ದಶಾಂಶ ಸಂಖ್ಯೆಗಳ ಫ್ಲೋಟ್ ಟೈಪಿನಲ್ಲಿ ‘ನ್ಯಾನ್’ ಎಂಬ ಗುರುತಿದೆ. ‘ಸಂಖ್ಯೆಯಲ್ಲ’ ಎಂದು ಅದರ ಅರ್ಥ. ‘ನ್ಯಾನ್‌ಮೀನ್’ ಬಳಸಿದರೆ ಅದನ್ನು ಬಿಟ್ಟು ಉಳಿದವರ ಸರಾಸರಿ ಸಿಗುತ್ತದೆ.

ವಿದ್ಯಾರ್ಥಿಗಳೇ, ಪಟ್ಟಿ ಮಾಡುವ ಮೊದಲು ಮೂರು ಪ್ರಶ್ನೆ ಕೇಳಿಕೊಳ್ಳಿ. ಕೂಡಿದ ಮೇಲೆ ಅತಿ ದೊಡ್ಡ ಸಂಖ್ಯೆ ಎಷ್ಟಾದೀತು? ಅತಿ ಉದ್ದದ ಹೆಸರು ಯಾವುದು? ಇಲ್ಲದ್ದನ್ನು ಹೇಗೆ ಗುರುತಿಸುವುದು? ಆಮೇಲೆ ಡಿಟೈಪ್ ಏನಿದೆ ಎಂದು ಒಮ್ಮೆ ನೋಡಿ. ಯಂತ್ರ ಕೊಟ್ಟ ಉತ್ತರವನ್ನು ಬಾಯಿಲೆಕ್ಕದಿಂದ ಪರೀಕ್ಷಿಸುವ ಅಭ್ಯಾಸವನ್ನೂ ಬಿಡಬೇಡಿ. -73 ಅಂಕ ಯಾವ ಮಗುವಿಗೂ ಬರುವುದಿಲ್ಲ ಎಂದು ಗುರುತಿಸಬೇಕಾದವರು ನಾವೇ.